ಗಂಪೆ ಮಾತು ಬಿಟ್ಟ ಕಥೆ

ನನ್ನ ಹೆಂಡತಿ ಫುಸಾಯೆ ಮಾತು ಬಿಟ್ಟಿದ್ದರೂ ನಾನು ಇಷ್ಟು ಕಂಗಾಲಾಗುತ್ತಿರಲಿಲ್ಲ. (ಅವಳು ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಮಾತು ಬಿಟ್ಟವನು ಗಂಪೆ.

ಗಂಪೆ ಯಾರು ಎಂದು ನಮ್ಮೂರು ಅಮಗಸಾಕಿಯಲ್ಲಿ ಕೇಳಿದರೆ ಜನ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ‘ಚಂದ್ರನ ಬೆನ್ನಿನ ದೀಪಸ್ತಂಭ’ ಎಂಬ ಸಿನಿಮಾ ಸರಣಿಯ ಯಂತ್ರಮಾನವ ಅವನು. ಸಾಸಿವೆ ಬಣ್ಣ, ಅಕ್ಕಿ ಡಬ್ಬದಂಥ ಹೊಟ್ಟೆ, ಕೆಲಸ ದೀಪ ಕಾಯುವುದು. ಹೊರಡುವ ಪ್ರತಿಯೊಂದು ನೌಕೆಗೂ ಕೈಯೆತ್ತಿ “ಹೋಗಿ ಬನ್ನಿ” ಎನ್ನುತ್ತಾನೆ. ಎಂಟು ಭಾಗಗಳಲ್ಲಿ ಅವನ ಸಂಭಾಷಣೆ ಇಷ್ಟೇ. ಇಷ್ಟರಲ್ಲೇ ನಲವತ್ತನಾಲ್ಕು ವರ್ಷ ನಮ್ಮನ್ನು ಅಳಿಸಿದ್ದಾನೆ. ಈಗ ಒಂಬತ್ತನೇ ಭಾಗದ ತುಣುಕು ಹೊರಬಿತ್ತು. ನೌಕೆ ಹೊರಟಿತು. ಗಂಪೆ ಕತ್ತು ವಾಲಿಸಿದ. ಎದೆಯಲ್ಲೊಂದು ನೀಲಿ ದೀಪ ಮಿನುಗಿತು. ಮಾತಿಲ್ಲ.

ಅಭಿಮಾನಿಗಳಲ್ಲಿ ಕುರುಕ್ಷೇತ್ರವೇ ಆಯಿತು. ಚಿಕ್ಕವರು “ಮೌನದಲ್ಲೇ ಅರ್ಥ ಇದೆ” ಎಂದರು. ನಾವು ಹಳಬರು ಸೂತಕ ಹಿಡಿದವರಂತೆ ಕೂತೆವು. ನಮ್ಮ ಸಂಘದ ಅಧ್ಯಕ್ಷ ನಿಶಿವಾಕಿ ಕ್ಷೌರಿಕ. ತುಣುಕು ನೋಡಿದ ಮೇಲೆ ಇನ್ನು ಕ್ಷೌರದ ಕತ್ತಿ ಹಿಡಿಯಲಾರೆನೆಂದು ಗಿರಾಕಿಯೊಬ್ಬನನ್ನು ಅರ್ಧ ಗಡ್ಡದಲ್ಲೇ ಮನೆಗೆ ಕಳಿಸಿದ.

“ಲೋ ತಮೊತ್ಸು, ನಾನಂತೂ ಬಹಿಷ್ಕಾರ ಹಾಕ್ದೆ. ನಿನ್ನ ಅಕ್ಷರ ಚೆನ್ನಾಗಿದೆ, ಕಂಪನಿಯವರಿಗೆ ಒಂದು ಕಾಗದ ಬರಿ. ಓದಿದೋರಿಗೆ ಮುಖ ಎತ್ತೋಕೆ ಆಗ್ಬಾರ್ದು,” ಎಂದ.

ಭಾನುವಾರ ಅಡುಗೆಮನೆಯಲ್ಲಿ ಕೂತು ಬರೆದೆ. ಬರೆದದ್ದನ್ನು ಗಂಟಲು ಸರಿಮಾಡಿಕೊಂಡು ಓದಿದೆ: “ಮಾನ್ಯರೇ, ಹೊರಡುವವನಿಗೆ ಒಂದು ಒಳ್ಳೆಯ ಮಾತು ಸಿಗದ ಮನೆ ಮನೆಯಲ್ಲ, ಗೋದಾಮು. ಬಾಯಿಮಾತಿಗೆ ಕಾಸು ಖರ್ಚಿಲ್ಲ. ಅದಕ್ಕೂ ಬರಗಾಲ ತಂದವರ ಎದೆಯಲ್ಲಿರುವುದು ಹೃದಯವೋ, ಹಲಗೆಯೋ?”

ಮೂಲಂಗಿ ತುರಿಯುತ್ತಿದ್ದ ಫುಸಾಯೆಯ ಕೈ ನಿಂತಿತು.

“ಇದನ್ನ ನೀವೇ ಬರೆದ್ರಾ?”

“ಇನ್ಯಾರು ಬರೀತಾರೆ?”

“ಹಂಗಾದ್ರೆ ಆ ಗಂಪೆಯವರನ್ನ ನಾನೂ ಒಂದ್ಸಲ ನೋಡ್ಬೇಕು ಕಣ್ರೀ.”

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಎಂಟು ಭಾಗಗಳಲ್ಲಿ ಒಂದನ್ನೂ ನೋಡದ ಹೆಂಗಸು ಒಂದೇ ಕಾಗದಕ್ಕೆ ಕರಗಿದ್ದಳು. ನನ್ನ ವಾಗ್ವೈಭವದ ಬಗ್ಗೆ ನನಗೇ ಗೌರವ ಬಂತು. ನಿಶಿವಾಕಿಯ ಬಹಿಷ್ಕಾರವನ್ನು ಅವನಿಗೇ ಬಿಟ್ಟು ಎರಡು ಟಿಕೆಟ್ ಹಿಡಿಯಲು ನಿರ್ಧರಿಸಿದೆ.

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ನಾನು ಹುಡುಗನಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ದುಡಿಯುತ್ತಿದ್ದರು. ನನ್ನ ಕೊರಳಲ್ಲಿ ಬೀಗದ ಕೈ. ಶಾಲೆಗೆ ಹೊರಡುವಾಗಲೂ ಖಾಲಿ ಮನೆ, ಬಂದಾಗಲೂ ಖಾಲಿ ಮನೆ. ಹನ್ನೆರಡನೇ ವಯಸ್ಸಿನಲ್ಲಿ, ರೈಲು ನಿಲ್ದಾಣದ ಪಕ್ಕದ ಟಾಕೀಸಿನಲ್ಲಿ (ಈಗ ಅಲ್ಲಿ ಔಷಧಿ ಅಂಗಡಿಯಿದೆ) ಸುಟ್ಟ ಸ್ಕ್ವಿಡ್ ಮೀನಿನ ವಾಸನೆಯ ನಡುವೆ ಕೂತು ಮೊದಲ ಭಾಗ ನೋಡಿದೆ. ಗಂಪೆ ಕೈಯೆತ್ತಿ “ಹೋಗಿ ಬನ್ನಿ” ಎಂದಾಗ ನನಗೇ ಹೇಳಿದ ಅನ್ನಿಸಿತು. ಆಗೆಲ್ಲ ಒಂದು ಟಿಕೆಟ್ಟಿಗೆ ಎಷ್ಟು ಆಟ ಬೇಕಾದರೂ ಕೂರಬಹುದಿತ್ತು. ನಾಲ್ಕು ಆಟ ಕೂತೆ, ನಾಲ್ಕು ಸಲವೂ ಮೆಲ್ಲಗೆ “ಹೋಗಿ ಬರ್ತೀನಿ” ಎಂದೆ. ಆ ಮಾತು ಈ ಭಾಗದಲ್ಲಿ ಇಲ್ಲದಿದ್ದರೆ ಆ ಹುಡುಗ ಮತ್ತೆ ಖಾಲಿ ಮನೆಗೆ ಹೋಗಬೇಕು. ಐವತ್ತಾರು ವರ್ಷದವನಿಗೆ ಇದು ನಾಚಿಕೆಯ ವಿಷಯ, ಆದರೂ ಹೇಳಿದ್ದೇನೆ.

ನಮ್ಮಲ್ಲಿ ಎರಡು ಬಗೆಯ ಆಟ. ಮಾಮೂಲಿ ಆಟದಲ್ಲಿ ಕೊನೆಯ ಹೆಸರು ತೆರೆಯಿಂದ ಇಳಿಯುವ ತನಕ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಕೂಗಾಟದ ಆಟದಲ್ಲಿ ಬಣ್ಣದ ದೀಪದ ಕೋಲು ಬೀಸಿ, ಗಂಟಲು ಹರಿಯುವಷ್ಟು ಕೂಗಬಹುದು. ಟಿಕೆಟ್ ಪಟ್ಟಿಯಲ್ಲಿ ಅದಕ್ಕೆ ತುತ್ತೂರಿಯ ಗುರುತು. ಶನಿವಾರ ಎರಡು ಗಂಟೆಯ ಆಟಕ್ಕೆ ತುತ್ತೂರಿ ಕಂಡಿತು, ಒತ್ತಿದೆ. (ಕನ್ನಡಕ ಹುಡುಕಲು ವ್ಯವಧಾನವಿರಲಿಲ್ಲ.)

ಶನಿವಾರ ನನ್ನ ಹಣೆಗೆ ಸಾಸಿವೆ ಬಣ್ಣದ ಪಟ್ಟಿ, ಅದೇ ಬಣ್ಣದ ಅಂಗಿ, ಕೈಯಲ್ಲಿ ದೀಪದ ಕೋಲು. ಚಿತ್ರಮಂದಿರದ ಬಾಗಿಲಲ್ಲಿ ಹುಡುಗಿಯೊಬ್ಬಳು ಟಿಕೆಟ್ ನೋಡಿ ಇಬ್ಬರಿಗೂ ಕೋನ್ ಐಸ್‌ಕ್ರೀಮ್ ಕೊಟ್ಟಳು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಪುಕ್ಕಟೆ ಸಿಕ್ಕಿದ್ದಕ್ಕೆ ಕಾರಣ ಕೇಳುವ ಅಭ್ಯಾಸ ನನಗಿಲ್ಲ.

“ರೀ, ಬೇರೆ ಯಾರೂ ಹಣೆಗೆ ಬಟ್ಟೆ ಕಟ್ಟಿಲ್ವಲ್ಲ,” ಎಂದಳು ಫುಸಾಯೆ.

“ಇವರೆಲ್ಲ ಹೊಸಬರು. ಸಂಪ್ರದಾಯ ಗೊತ್ತಿಲ್ಲ.”

ಸಿನಿಮಾ ಕೊನೆಗೆ ಬಂತು. ದೀಪಸ್ತಂಭ ಮುಚ್ಚುತ್ತಾರೆ, ಕಡೆಯ ನೌಕೆ ಹೊರಡುತ್ತದೆ. ಗಂಪೆ ಕತ್ತು ವಾಲಿಸಿದ. ನೀಲಿ ದೀಪ. ನೌಕೆ ಚುಕ್ಕಿಯಾಗುತ್ತಾ ಬಂತು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದು ಗರಗರ, ಹಿಂದೆಯೇ ಅದೇ ಹಳೆಯ ದನಿ: “ಹೋಗಿ... ಬನ್ನಿ.”

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಕೋಲು ಬೀಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ನಲವತ್ತನಾಲ್ಕು ವರ್ಷದ ಗಂಟಲನ್ನೆಲ್ಲ ಬಿಚ್ಚಿ ಕೂಗಿದೆ: “ಹೋಗಿ ಬರ್ತೀನಿ, ಗಂಪೆ! ಹೋಗಿ ಬರ್ತೀನಿ!”

ಮುನ್ನೂರು ತಲೆ ತಿರುಗಿದವು. ಯಾರೂ ಏನೂ ಹೇಳಲಿಲ್ಲ, ನಮ್ಮ ಜನ ಹೇಳುವುದಿಲ್ಲ. ಅದೇ ಹೆಚ್ಚು ಉರಿಯುವುದು. ಕೆಲಸದವನೊಬ್ಬ ಬಗ್ಗಿಕೊಂಡು ಬಂದು ಕಿವಿಯಲ್ಲಿ ಪಿಸುಗುಟ್ಟಿದ: “ಕ್ಷಮಿಸಬೇಕು ಯಜಮಾನ್ರೇ, ಕೂಗಾಟದ ಆಟ ಐದು ಗಂಟೆಗೆ. ಇದು ಐಸ್‌ಕ್ರೀಮ್ ಆಟ. ಪಟ್ಟಿಯಲ್ಲಿ ಇದಕ್ಕಿರೋದು ಕೋನಿನ ಗುರುತು, ತುತ್ತೂರಿಯಲ್ಲ.”

ಹೊರಗೆ ಬಂದು ಇಬ್ಬರೂ ನಿಲ್ದಾಣದ ಕಡೆ ನಡೆದೆವು. ಮಾನ ಹೋಯಿತೆಂದು ಬೈಯುತ್ತಾಳೆ ಎಂದು ಬೆನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಚೆನ್ನಾಗಿತ್ತಾ?” ಎಂದೆ.

“ಚೆನ್ನಾಗಿತ್ತು. ಗಂಪೆಯವರು ಪುಣ್ಯವಂತರು. ಅವರಿಗೆ ಉತ್ತರ ಸಿಕ್ತು.”

“ಅಂದ್ರೆ?”

“ಇಪ್ಪತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನೂ ಅದೇ ಹೇಳ್ತಿದ್ದೀನಿ. ನೀವೇನಂತೀರಿ?”

ಯೋಚಿಸಿದೆ. ನೆನಪಾಯಿತು. “...ಹೂಂ.”

“ಅದೇ. ಇಷ್ಟು ವರ್ಷಕ್ಕೆ ನಿಮ್ಮ ಕೈಯಿಂದ ಒಂದು ಹೂ ಬರ್ಲಿಲ್ಲ. ಬಂದಿದ್ದೆಲ್ಲ ಹೂಂ. ನೀವು ರಿಪೇರಿ ಮಾಡೋ ಲಿಫ್ಟುಗಳೇ ವಾಸಿ, ‘ಬಾಗಿಲು ಮುಚ್ಚುತ್ತಿದೆ’ ಅಂತಾದ್ರೂ ಅಂತಾವೆ. ಗೋದಾಮು ಅಂತ ಬರೆದ್ರಲ್ಲ, ಒಳಗಿರೋ ಸರಕು ನಾನೇ.”

ಕೊರಳಲ್ಲಿ ಬೀಗದ ಕೈ ಹಾಕಿಕೊಂಡು ತಿರುಗಿದವನು ನಾನು. ಆ ಮಾತಿಗಾಗಿ ಯಂತ್ರದ ಮುಂದೆ ನಾಲ್ಕು ಆಟ ಕೂತವನೂ ನಾನೇ. ಅದು ಮನೆಯಲ್ಲೇ ಬಂದು ನಿಂತ ಮೇಲೆ ಕಿವಿಗೆ ಬೀಳಲೇ ಇಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸೋಮವಾರ ಬೆಳಿಗ್ಗೆ ಶೂ ಹಾಕಿಕೊಂಡೆ. ಬಾಗಿಲಲ್ಲಿ ತಿರುಗಿ, ಬೆನ್ನು ನೆಟ್ಟಗೆ ಮಾಡಿ, ಎರಡು ದಿನ ಅಭ್ಯಾಸ ಮಾಡಿದ್ದನ್ನು ಸ್ಪಷ್ಟವಾಗಿ ಹೇಳಿದೆ: “ಹೋಗಿ ಬರ್ತೀನಿ, ಫುಸಾಯೆ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೆಲ್ಲಗೆ ಕತ್ತು ವಾಲಿಸಿದಳು. ಕಾದೆ. ಹೊರಗೆ ನನ್ನ ಬಸ್ಸು ಬಂದು ಹೋದ ಸದ್ದಾಯಿತು. ಆದರೂ ಕಾದೆ.

“ಹೂಂ,” ಎಂದಳು.

ಈ ಸಲ ಕಾಗದ ಯಾವ ಕಂಪನಿಗೆ ಬರೆಯಬೇಕೋ ನಿಶಿವಾಕಿಗೂ ತಿಳಿದಿಲ್ಲ.