ಭೋಗಿಯ ದಿನ ಹೊರಟ ಕಾರು

ಚಳಿಗಾಲ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಭಕ್ತಿ ಹುಟ್ಟುತ್ತದೆ. ನಮ್ಮ ಸೇಲಂನಲ್ಲಿ ಮಾರ್ಗಳಿ, ಅಂದರೆ ನಿಮ್ಮ ಧನುರ್ಮಾಸ, ಶುರುವಾದ ಕೂಡಲೇ ಎದುರುಮನೆಯವರು ತಲೆಗೆ ಮಫ್ಲರ್ ಸುತ್ತಿಕೊಂಡು ಪೆರುಮಾಳ್ ಗುಡಿಯ ಬಿಸಿ ಪೊಂಗಲಿಗೆ ಓಡುತ್ತಾರೆ. ಪಕ್ಕದ ಮನೆಯವರು ಮಾಲೆ ಹಾಕಿಕೊಂಡು ಬರಿಗಾಲಲ್ಲಿ ಓಡಾಡುತ್ತಾರೆ. ನಾನು ತೂತುಬಿದ್ದ ಬನಿಯನ್ ತೊಟ್ಟು ಕಾರಿನ ಕೆಳಗೆ ತೂರಿಕೊಳ್ಳುತ್ತೇನೆ. ಮೂರೂ ಭಕ್ತಿಯೇ. ಆದರೆ ಪೊಂಗಲ್ ತಿಂದು ಬಂದವರನ್ನು ಯಾರೂ "ನಿಮಗೆ ಬೇರೆ ಕೆಲಸ ಇಲ್ಲವೇ?" ಎಂದು ಕೇಳುವುದಿಲ್ಲ. ನನ್ನನ್ನು ಮಾತ್ರ ಹಾಲಿನವನೂ ಕೇಳುತ್ತಾನೆ.

ಬೇರೆ ಕೆಲಸ ಧಾರಾಳವಾಗಿದೆ. ನಾನು ವಕೀಲ. ಈ ಕಾರು ನನಗೆ ಸಿಕ್ಕಿದ್ದೂ ವಕೀಲಿಕೆಯಿಂದಲೇ. ಹರೂರಿನ ಕಕ್ಷಿದಾರರೊಬ್ಬರ ಜಮೀನು ನೋಡಲು ಹೋದಾಗ ಅವರ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ರಾಶಿಯೊಳಗಿಂದ ಎರಡು ದುಂಡು ದೀಪಗಳು ನನ್ನನ್ನು ನೋಡುತ್ತಿದ್ದವು. ಬೆಳ್ಳಗಿನ ದೊರೆಗಳ ಕಾಲದಲ್ಲಿ ಹಡಗಿನಲ್ಲಿ ಬಂದಿಳಿದ ಕಾರು. ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುವುದನ್ನು ಕಂಡ ಯಜಮಾನರು, "ಬೇಕಾದ್ರೆ ಎಳ್ಕೊಂಡು ಓಗಿ ಸಾರ್. ಕೋಳಿ ಒಂದು ಬುಟ್ಟು ಓಗಿ" ಎಂದರು. ಕೋಳಿ ಬಿಡುವುದಕ್ಕೆ ಅವರು ಎಷ್ಟು ಯೋಚಿಸಿದರೋ, ಕಾರು ಬಿಡುವುದಕ್ಕೆ ಅದರ ಕಾಲು ಭಾಗವೂ ಯೋಚಿಸಲಿಲ್ಲ.

ಈ ಕೆಲಸಕ್ಕೆ ಚಳಿಗಾಲವೇ ಯಾಕೆ ಎಂದರೆ, ಸೇಲಂನ ಮಿಕ್ಕ ತಿಂಗಳುಗಳಲ್ಲಿ ನಮ್ಮ ತಗಡಿನ ಶೆಡ್ಡಿನೊಳಗೆ ಸ್ಪ್ಯಾನರ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಮಾರ್ಗಳಿಯಲ್ಲಿ ಮಾತ್ರ ಕಬ್ಬಿಣ ಮನುಷ್ಯರ ಕೈಗೆ ಸಿಗುತ್ತದೆ. ಕೋರ್ಟಿಗೆ ಕ್ರಿಸ್ಮಸ್ ರಜೆ. ಮದುವೆ, ಗೃಹಪ್ರವೇಶ ಏನೂ ಇರುವುದಿಲ್ಲವಾದ್ದರಿಂದ ನೆಂಟರ ಕಾಟವೂ ಇಲ್ಲ. ಮೊದಲನೆಯ ಚಳಿಗಾಲದಲ್ಲಿ ನಾನೊಬ್ಬನೇ ಇಡೀ ಕಾರನ್ನು ಬಿಚ್ಚಿ ಹಾಕಿದೆ. ಬಿಚ್ಚುವುದರಲ್ಲಿ ನನಗೆ ಯಾವ ಅನುಮಾನವೂ ಬರಲಿಲ್ಲ. ಅನುಮಾನ ಬರುವವರು ಇಂಥ ಕೆಲಸಕ್ಕೆ ಕೈ ಹಾಕಬಾರದು. ಎರಡನೆಯ ಚಳಿಗಾಲ ಪೂರ್ತಿ, ಬಿಚ್ಚಿದ್ದು ಯಾವುದು ಎಲ್ಲಿಯದು ಎಂದು ತಿಳಿಯುವುದರಲ್ಲಿ ಕಳೆಯಿತು. ಇಂಜಿನ್ ಶೆವ್ವಾಪೇಟೆಯ ಮೇಸ್ತ್ರಿಯ ಹತ್ತಿರ ಹೋಗಿ ಬಂತು. ಮೂರನೆಯ ಚಳಿಗಾಲದಲ್ಲಿ, ಬೀದಿಗೆಲ್ಲ ಆಗಷ್ಟೇ ಕೇಬಲ್ ಟಿವಿ ಬಂದು ಜನರೆಲ್ಲ ಅದರ ಮುಂದೆ ಕೂತಿದ್ದಾಗ, ನಾನು ಜೋಡಿಸಲು ಕೂತೆ.

ಆಗಲೇ ನನ್ನ ಹೆಂಡತಿ ರುಕ್ಮಿಣಿ ತೀರ್ಪು ಕೊಟ್ಟದ್ದು. ಅವಳಿಗೆ ಹೊಲಿಗೆ ಕ್ಲಾಸ್ ಶುರು ಮಾಡಬೇಕೆಂದು ಬಹಳ ದಿನದ ಆಸೆ. ಮನೆಯಲ್ಲಿ ಅದಕ್ಕೆ ಜಾಗವೆಂದರೆ ಶೆಡ್ ಒಂದೇ. "ಬೀದಿ ಎಣ್ಮಕ್ಳೆಲ್ಲಾ ಕಾಯ್ತಾ ಅವ್ರೆ ರೀ. ತೈ ಪಿರಂದಾಲ್ ವಳಿ ಪಿರಕ್ಕುಂ ಅಂತಾರೆ. ಶೆಡ್ಡಾಗೆ ನಿಮ್ಮ ಗಾಡಿ ಮಲಗಿದ್ರೆ ನಂಗೆ ಯಾವ ವಳಿ ಉಟ್ತದೆ?" ಎಂದಳು. ಸಂಕ್ರಾಂತಿಗೆ ತೈ ತಿಂಗಳು ಹುಟ್ಟಿದರೆ ದಾರಿ ಹುಟ್ಟುತ್ತದೆ ಎಂಬ ಗಾದೆಯನ್ನು ನನ್ನ ಕಾರಿಗೆ ಅಡ್ಡವಾಗಿ ಬಳಸಿದವಳು ಅವಳೊಬ್ಬಳೇ ಇರಬೇಕು. ಮಾರ್ಗಳಿಯ ಕೊನೆಯ ದಿನವಾದ ಭೋಗಿಯೇ ಗಡುವು. ಅಷ್ಟರೊಳಗೆ ಕಾರು ತನ್ನ ಇಂಜಿನ್ನಿನಿಂದಲೇ ಶೆಡ್ಡಿನಿಂದ ಹೊರಗೆ ಬರಬೇಕು. ಇಲ್ಲವಾದರೆ ಹಳೇ ಕಬ್ಬಿಣದ ಮಾರಿಮುತ್ತುವಿನ ಕೈಗಾಡಿಯ ಮೇಲೆ. ನಾನು ನಗುತ್ತಲೇ ಒಪ್ಪಿದೆ.

ಒಪ್ಪಿದ್ದಕ್ಕೆ ತಕ್ಕಂತೆ ಕೆಲಸವೂ ಆಯಿತು. ಭೋಗಿಯ ಹಿಂದಿನ ದಿನ ಸಂಜೆ ಇಂಜಿನ್ ಶೆಡ್ಡಿನೊಳಗೇ ಗುಡುಗಿತು. "ಬೆಳಗ್ಗೆ ಈಚೆಗೆ ತೆಗೀತೀನಿ" ಎಂದು ಸಾರಿದೆ. ಪೆನ್ನಾಗರಂ ಕಡೆಯ ಹಳ್ಳಿಯವಳಾದ ನಮ್ಮವ್ವ ತಿಣ್ಣೆಯ ಮೇಲಿಂದ ಹೌಹಾರಿದಳು. "ಮಾರ್ಗಳಿಯಾಗೆ ಒಸ ಗಾಡಿ ತೆಗಿಬಾರ್ದು ಕಣ್ಲಾ! ಒಂದಿನ ತಡಿ, ನಾಳಿದ್ದು ತೈ ಉಟ್ತದೆ." ತಡೆದರೆ ಗಡುವು ಹೋಗುತ್ತದೆ. ನಾನು ವಾದಕ್ಕೆ ನಿಂತೆ. "ಯಾವುದವ್ವಾ ಒಸದು? ಇಂಜಿನ್ ಅಳೇದು, ಬಾಡಿ ಅಳೇದು, ಹಾರನ್ನು ನಂಗಿಂತ ಅಳೇದು. ಬಣ್ಣ ಬಳಿದ್ರೆ ಒಸದಾಗ್ಬುಡ್ತದಾ? ಒಸ ಸೀರೆ ಉಟ್ರೆ ನೀನು ಒಸ ಅವ್ವ ಆಗ್ಬುಡ್ತೀಯಾ?" ಅವ್ವ ಬೊಚ್ಚುಬಾಯಲ್ಲಿ ನಕ್ಕಳು. "ಬಾಯಿದ್ದೋನು ಬರಗಾಲದಾಗೂ ಬದುಕ್ದ. ಓಗು, ಅಳೇದೇ ಅಂದ್ಮೇಲೆ ತೆಗಿ." ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ರುಕ್ಮಿಣಿಯೂ ನನ್ನ ವಾದಕ್ಕೆ ಮರುಳಾಗಿದ್ದಾಳೆ ಎಂದುಕೊಂಡೆ.

ಭೋಗಿಯೆಂದರೆ ಮನೆಯ ಹಳೆಯದನ್ನೆಲ್ಲ ಆಚೆಗೆ ಹಾಕಿ ಸುಡುವ ದಿನ; ಬೆಳಗ್ಗೆ ಬೀದಿಯೆಲ್ಲ ಹೊಗೆ. ಮನೆಮನೆಯ ಮುಂದೆ ಹಳೇ ಚಾಪೆ, ಮುರಿದ ಮೊರ, ಹರಿದ ಬಟ್ಟೆ ಉರಿಯುತ್ತಿದ್ದವು. ನಾನು ಸ್ಟಾರ್ಟರ್ ಎಳೆದೆ. ಕಾರು ಕೆಮ್ಮಿತು, ಸೀನಿತು, ಆಮೇಲೆ ಹೊರಟೇಬಿಟ್ಟಿತು. ಬಾಗಿಲ ರಂಗೋಲಿಯ ಕುಂಬಳದ ಹೂವನ್ನೂ ಮುಟ್ಟದೆ ಅಂಚಿನಲ್ಲೇ ಹಾಯಿಸಿ ಬೀದಿಗೆ ತಂದೆ. ಎದುರುಮನೆಯವರು ಪೊಂಗಲ್ ಬಿಟ್ಟು ಓಡಿ ಬಂದರು. ಸಂತೋಷಕ್ಕೆ ಸುಮ್ಮಸುಮ್ಮನೆ ಎರಡು ಸಲ ಹಾರನ್ನು ಹೊಡೆದೆ, ಸುಳ್ಳೇಕೆ ಹೇಳಲಿ. ರುಕ್ಮಿಣಿಯೂ ನಗುತ್ತಿದ್ದಳು. ಅವಳ ಪಕ್ಕದಲ್ಲಿ ಕೈಗಾಡಿ ಹಿಡಿದು ಮಾರಿಮುತ್ತುವೂ ನಗುತ್ತಿದ್ದ.

"ಇವನ್ಯಾಕೆ ಬಂದ? ಗಾಡಿ ತಾನೇ ಈಚೆಗೆ ಬಂತಲ್ಲಾ?" ಎಂದೆ.

"ಬಂತು. ಇಲ್ಲಾ ಅಂದೋರ್ಯಾರು? ಆದ್ರೆ ನಿನ್ನೆ ಅವ್ವನ ಮುಂದೆ ಏನಂದ್ರಿ? ಇಂಜಿನ್ ಅಳೇದು, ಬಾಡಿ ಅಳೇದು, ಹಾರನ್ನು ನಿಮಗಿಂತ ಅಳೇದು. ಇವತ್ತು ಭೋಗಿ. ಅಳೇದೆಲ್ಲಾ ಆಚೆಗೆ ಓಗೋವಾಗ ಇದೊಂದು ಯಾಕೆ ಉಳೀಬೇಕು?"

ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಕಕ್ಷಿ ಬದಲಾದರೆ ವಾದ ಬದಲಾಗಬೇಕು. "ಯಾರು ಏಳಿದ್ದು ಅಳೇದು ಅಂತ? ಪಿಸ್ಟನ್ ರಿಂಗ್ ಒಸದು, ಟೈರ್ ಒಸದು, ಸೀಟು ಒಸದು!" ಎಂದು ಬೀದಿಗೇ ಕೇಳುವಂತೆ ಹೇಳಿದೆ. ಕೇಳಬಾರದ ಕಿವಿಗೂ ಅದು ಕೇಳಿತು. "ಒಸದಾ? ಅಯ್ಯಯ್ಯೋ ಪಾಪಿ, ಮಾರ್ಗಳಿಯಾಗೆ ಒಸ ಗಾಡಿ ತೆಗೆದ್ಬುಟ್ಯಲ್ಲೋ! ಒಳೀಕ್ ತಳ್ಳು, ಈಗ್ಲೇ ತಳ್ಳು!" ಎಂದು ಅವ್ವ ಬಾಯಿ ಬಡಿದುಕೊಂಡಳು. ಒಳಗೆ ತಳ್ಳಿದರೆ ಗಡುವು ತಪ್ಪುತ್ತದೆ, ಹೊರಗೆ ನಿಲ್ಲಿಸಿಕೊಂಡರೆ ಮಾರಿಮುತ್ತು. ಅವನಿಗೋ ಇನ್ನೂ ನಾಲ್ಕು ಬೀದಿ ಬಾಕಿ. "ಪಳಸಾ, ಪುದುಸಾ? ಸೀಕ್ಕಿರಂ ಸೊಲ್ಲುಂಗ ಸಾರ್" ಎಂದು ಅವಸರಪಡಿಸಿದ. ಹಳೇದೋ ಹೊಸದೋ ಬೇಗ ಹೇಳಿ ಎಂದರೆ ನಾನೇನು ಹೇಳಲಿ? ಒಂದೇ ಪೀಠದ ಮುಂದೆ ಎರಡೂ ಕಡೆಯ ವಾದ ಮಾಡಿ ಎರಡನ್ನೂ ಸೋತಿದ್ದೆ.

ಕೊನೆಗೆ ರುಕ್ಮಿಣಿಯೇ ರಾಜಿ ಮಾಡಿಸಿದಳು. ಕಾರು ಮಾರಿಮುತ್ತುವಿಗೆ ಬೇಡ; ಬೇವಿನ ಮರದ ಕೆಳಗೆ ಇರಲಿ. ಶೆಡ್ಡಿನೊಳಗೆ ಮಾತ್ರ ಇನ್ನು ಕಾಲಿಡಕೂಡದು. ಬರಿಗೈಲಿ ಹೋಗಬೇಕಾದ ಮಾರಿಮುತ್ತುವಿಗೆ, ಕಾರು ಜೋಡಿಸಿದ ಮೇಲೆ ಮಿಕ್ಕಿದ್ದ ಸಾಮಾನಿನ ಗೋಣಿಚೀಲ ಕೊಟ್ಟದ್ದಾಯಿತು. ಅದರೊಳಗೆ ಇಣುಕಿದವನು ಒಮ್ಮೆ ಕಾರನ್ನೂ ಒಮ್ಮೆ ನನ್ನನ್ನೂ ಮರುಕದಿಂದ ನೋಡಿ ಹೋದ.

ತೈ ಹುಟ್ಟಿತು, ಹೊಲಿಗೆ ಕ್ಲಾಸೂ ಶುರುವಾಯಿತು. ಬೇವಿನ ಮರದ ಕಾಗೆಗಳು ನನ್ನ ಮೂರು ಚಳಿಗಾಲದ ಬಣ್ಣದ ಮೇಲೆ ತಮ್ಮ ಬಣ್ಣ ಬಳಿಯತೊಡಗಿದಾಗ, ಕಾರಿಗೊಂದು ಹೊದಿಕೆ ಹೊಲಿದುಕೊಡು ಎಂದು ಗೋಗರೆದೆ. "ಅದಕ್ಕೇನಂತೆ? ಎಣ್ಮಕ್ಳಿಗೂ ಕೈ ಕೂರ್ತದೆ. ಗಟ್ಟಿ ಬಟ್ಟೆ ಬೇಕು, ಅಷ್ಟೇ" ಎಂದು ಅವಳು ತಕ್ಷಣ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬೀರು ತೆಗೆದು ನನ್ನ ಕೋರ್ಟಿನ ಕರಿಯ ಗೌನುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, "ಇವು ಅಳೇವಾ, ಒಸವಾ?" ಎಂದು ಕೇಳಿದಳು. ಮಾತಿನಿಂದಲೇ ಅನ್ನ ತಿನ್ನುವ ನಾನು ಬಾಯಿ ಬಿಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಅವಳು ಕತ್ತರಿ ಕೈಗೆತ್ತಿಕೊಂಡಳು.