ನಾಲ್ಕು ಡಿಸ್ಕು, ಮೂರೆಳೆ ವಿಭೂತಿ

ನಾರಾಯಣಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಊರವರ ಹೋದ ಫೈಲು ಹುಡುಕಿಕೊಡುವುದು ನನ್ನ ಕಸುಬು. ಹುಡುಕುವಾಗ ಆಗಾಗ ನನ್ನ ಮಾನ ಹೋಗುತ್ತದೆ. ಅದನ್ನು ಹುಡುಕಿಕೊಡುವ ಅಂಗಡಿ ಇನ್ನೂ ತೆರೆದಿಲ್ಲ.

೧. ಮಕ್ತಲದ ಮದುವೆ

ಮಕ್ತಲದ ಫೋಟೋಗ್ರಾಫರಿಗೆ ಫೈಲು ಕೂಡಿಡುವ ಎರಡು ಡಿಸ್ಕಿನ ಪೆಟ್ಟಿಗೆ ಮಾರಿದ್ದೆ. "ಒಂದರಾಗ ಆಗಿದ್ದು ಇನ್ನೊಂದರಾಗೂ ಆಗತೈತ್ರಿ, ಫಿಕರ್ ಬ್ಯಾಡ" ಎಂದು ಜಂಬದಿಂದ ಹೇಳಿದ್ದೆ. ಅವರು ಕೈತಪ್ಪಿ ಒಂದು ಮದುವೆಯನ್ನೇ ಅಳಿಸಿ, "ಇನ್ನೊಂದರಾಗಿಂದ ತೆಗೀರಿ" ಎಂದು ನಗುತ್ತ ಬಂದರು. ಪೆಟ್ಟಿಗೆ ನನ್ನ ಮಾತು ನಡೆಸಿಕೊಟ್ಟಿತ್ತು. ಇನ್ನೊಂದರಲ್ಲೂ ಅಳಿಸಿತ್ತು.

ತಿಣುಕಾಡಿ ಅರ್ಧ ಮದುವೆ ಎತ್ತಿದೆ. ತಾಳಿ ಕಟ್ಟಿದ್ದು ಸಿಗಲಿಲ್ಲ, ಊಟದ ಪಂಕ್ತಿ ಪೂರ್ತಿ ಸಿಕ್ಕಿತು. ಮದುಮಗನ ಅಪ್ಪ ನೋಡಿ ಹೇಳಿದರು: "ಲಗ್ನ ಆಗಿದ್ದಕ್ಕ ಸಾಕ್ಷಿ ಇಲ್ಲ, ಉಂಡಿದ್ದಕ್ಕ ಐತಿ!"

೨. ಗದ್ವಾಲದ ಪೂಜೆ

ಗದ್ವಾಲದ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ನಾಲ್ಕು ಡಿಸ್ಕಿನ ಪೆಟ್ಟಿಗೆ. ಅವರ ತಾಯಿ ಜೀವಮಾನವಿಡೀ ನೇಯ್ದ ಅಂಚುಗಳ ನಕ್ಷೆಯೆಲ್ಲ ಅದರೊಳಗೇ. ನಕ್ಷೆ ಬರೆದ ಕಾಗದಗಳನ್ನು ಗೆದ್ದಲು ತಿಂದಿತ್ತು. ದಸರೆಗೆ ನನ್ನನ್ನೂ ಕರೆದರು.

"ಮಗ್ಗ ಬಿಚ್ಚಿ ಒರಸಿ ಪೂಜಿ ಮಾಡತೀವಿ. ಇದನ್ನೂ ಬಿಚ್ಚಪ್ಪ" ಎಂದರು ವ್ಯಾಪಾರಿಯ ಅಮ್ಮ.

ಡಿಸ್ಕುಗಳನ್ನು ಎಳೆದು, ಇದ್ದ ಸಾಲಿನಲ್ಲೇ ಮಣೆಯ ಮೇಲೆ ಒತ್ತೊತ್ತಾಗಿ ನಿಲ್ಲಿಸಿದೆ. ಪೆಟ್ಟಿಗೆಗೆ ತುಂಬಿದ ಮೇಲೂ ಹೊರಗೆ ಕಾಣುವ ನಾಲ್ಕರ ಮುಖದ ಮೇಲೆ ಅಮ್ಮ ಒಂದೇ ಎಳೆತಕ್ಕೆ ಮೂರು ಬೆರಳಿನ ವಿಭೂತಿ ಎಳೆದರು. ಎಳೆ ಎಡದಿಂದ ಬಲಕ್ಕೆ ಓರೆಯಾಗಿ ಮೇಲೇರಿತು. ಹೋಳಿಗೆ ಉಂಡ ಮಂಪರಿನಲ್ಲಿ ನಾನು ಡಿಸ್ಕುಗಳನ್ನು ಕೈಗೆ ಸಿಕ್ಕಂತೆ ತುಂಬಿದೆ. ಸಾಲು ತಪ್ಪಿದರೆ ಆ ಪೆಟ್ಟಿಗೆ ಏನನ್ನೂ ಓದದು. ಹಚ್ಚಿ ನೋಡಿದರೆ ಒಂದೂ ನಕ್ಷೆ ಇಲ್ಲ!

"ಏನಾತ್ರಿ?" ಎಂದರು ವ್ಯಾಪಾರಿ. ಹೊರಗೆ ಗುಡುಗುತ್ತಿತ್ತು. "ಸಿಡಿಲಿನ ಹೊಡ್ತರೀ" ಎಂದುಬಿಟ್ಟೆ.

೩. ಸೆರಗು

ಮೊದಲಿನ ಸಾಲು ನೆನಪಿಲ್ಲ. ತಪ್ಪು ಸಾಲಿನಲ್ಲಿ ರಿಪೇರಿ ಗುಂಡಿ ಒತ್ತಿದರೆ ಇದ್ದದ್ದೂ ಹೋದೀತೆಂಬ ಭಯ. ಮೂರು ದಿನ ಅವರ ಮನೆಯ ಚಹಾ ಕುಡಿಯುತ್ತ ಸುಮ್ಮನೆ ಕೀಲಿಮಣೆ ಕುಟ್ಟಿದೆ. ಅಮ್ಮ ದಿನಾ ಬಂದು ಪೆಟ್ಟಿಗೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಹೆಗಲು ಕುಲುಕುತ್ತಿತ್ತು. ಆ ಅಳು ನೋಡಲಾಗದೆ ನಾಚಿಕೆಯಿಂದ ಸತ್ತೇಹೋದೆ.

ಮೂರನೇ ದಿನ ತಲೆ ತಗ್ಗಿಸಿ ಹೇಳಿದೆ: "ಅಮ್ಮಾ, ಸಿಡಿಲಲ್ರಿ. ನಾನೇ ಸಾಲು ತಪ್ಪಿಸೀನಿ. ಅಳಬ್ಯಾಡ್ರಿ."

"ಅಳಾದ್ಯಾಕೋ? ನಗಿ ತಡಿಯಾಕ ಸೆರಗು ಹಿಡದಿದ್ದೆ" ಎಂದು ಅಮ್ಮ ಡಿಸ್ಕುಗಳನ್ನು ಹೊರಗೆ ತೆಗೆಸಿದರು. ಅಂಚಿಗೆ ಅಂಚು ಕೂಡಿಸುವವರ ಕಣ್ಣು. ವಿಭೂತಿಯ ಎಳೆಗೆ ಎಳೆ ಕೂಡಿಸಿ ನಾಲ್ಕನ್ನೂ ಜೋಡಿಸಿದರು. ನಕ್ಷೆಗಳೆಲ್ಲ ತೆರೆದುಕೊಂಡವು.

"ಎಳಿ ತಪ್ಪಿದ್ದು ಮೊದಲ ದಿನಾನ ಕಂಡಿತ್ತಪ್ಪ" ಎಂದರು. "ಎಂಥಾ ಶಾಣ್ಯಾ ಸಿಡಿಲು ಅದು! ಒಂದೊಂದಾಗಿ ಹೊರಗ ತೆಗದು, ನನ್ನ ವಿಭೂತಿ ಅಳಿಸದಂಗ, ಜಾಗಾ ಬದಲಿಸಿ ಇಟ್ಟು ಹೋಗೇತಿ!"