ಹೂರಣಕ್ಕೆ ಸಕ್ಕರೆ ಕಾಯಿಲೆ ಕಂಡುಹಿಡಿದ ಯಂತ್ರಕ್ಕೆ

ದೊಡ್ಡಬಳ್ಳಾಪುರ
೧೯೯೬, ಯುಗಾದಿ ಕಳೆದ ವಾರ

ನಮ್ಮ ಮನೆಯ ಗೋಡೆಗೂಡಿನಲ್ಲಿ ಬಿಜಯಂಗೈದಿರುವ, ರಕ್ತದ ಸಕ್ಕರೆ ಅಳೆಯುವ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾಲ್ಲೂಕು ಕಚೇರಿಯ ಗುಮಾಸ್ತ ಆದಿನಾರಾಯಣಪ್ಪನ ಸಾಷ್ಟಾಂಗ ನಮಸ್ಕಾರಗಳು. ನನ್ನ ಬಾಮೈದ ಹರಿಪ್ರಸಾದ್ ತಮ್ಮನ್ನು ಬೆಂಗಳೂರಿನಿಂದ ತಂದು ತನ್ನ ಅಕ್ಕನ ಕೈಗಿತ್ತ ದಿನದಿಂದ, ಒಂದು ತೊಟ್ಟು ರಕ್ತಕ್ಕೇ ತೃಪ್ತರಾಗುವ ತಮ್ಮ ಸರಳತೆಯನ್ನು ಬೀದಿಯೆಲ್ಲ ಕೊಂಡಾಡುತ್ತಿದೆ. ನಮ್ಮ ಕಚೇರಿಯಲ್ಲಿ ಅಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ.

ಯುಗಾದಿಯ ಬೆಳಿಗ್ಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದ ನನ್ನ ಹೆಂಡತಿ ಮುನಿಲಕ್ಷ್ಮಮ್ಮ, ಬೆಲ್ಲ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮಗೆ ಬೆರಳು ಕೊಟ್ಟಳು. ತಾವು ನಾನೂರ ಹನ್ನೆರಡು ಎಂದು ಅಪ್ಪಣೆ ಕೊಡಿಸಿದಿರಿ. ಹೂರಣದ ಸಿಹಿಯನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರು ಜಿಲ್ಲೆಯಲ್ಲೇ ಇರಲಾರರು. ಮಾರನೆಯ ದಿನ ತಮ್ಮನ್ನು ಚೀಲದಲ್ಲಿಟ್ಟು ಆಸ್ಪತ್ರೆಗೆ ಕರೆದೊಯ್ದಾಗ, ಡಾಕ್ಟರು ತಮ್ಮ ಗುಂಡಿ ಒತ್ತಿ, ತಮ್ಮ ನೆನಪಿನಲ್ಲಿದ್ದ ಆ ಅಂಕಿಯನ್ನು ಅವಳ ಕಡತಕ್ಕೆ ಇಳಿಸಿ, ಮಾತ್ರೆಯನ್ನು ದುಪ್ಪಟ್ಟು ಮಾಡಿ, ಕೆಳಗೆ ಇಂಗ್ಲಿಷಿನಲ್ಲಿ ‘ರೋಗಿ ಕದ್ದು ಸಿಹಿ ತಿನ್ನುತ್ತಾರೆ’ ಎಂದು ಬರೆದರು. ಹಬ್ಬದ ದಿನ ಎಲ್ಲರಿಗೂ ಒಬ್ಬಟ್ಟು ಬಡಿಸಿ, ತಾನು ಬರೀ ಸಾರು ಮುದ್ದೆ ಉಂಡವಳು ಅವಳು!

ಎರಡು ದಿನ ಕಳೆಯುವಷ್ಟರಲ್ಲಿ, “ರೀ, ಕೈಕಾಲೆಲ್ಲ ನಡುಗ್ತಾವೆ ಕಣ್ರೀ” ಎಂದು ಒಲೆಯ ಮುಂದೆ ಕುಸಿದಳು. ಸಕ್ಕರೆ ನೀರು ಕುಡಿಸಿ ಎಬ್ಬಿಸಿದೆ. ಆದರೆ ಮಾತ್ರೆಗಿಂತ ಆ ಒಂದು ಸಾಲೇ ಅವಳನ್ನು ಹೆಚ್ಚು ನೋಯಿಸಿದೆ. “ತಿಂದು ಬೈಸ್ಕೊಂಡಿದ್ರೂ ಬೇಜಾರಾಗ್ತಿರಲಿಲ್ಲ” ಎನ್ನುತ್ತಾಳೆ.

ಆದಕಾರಣ, ತಾವು ಇನ್ನು ಮುಂದೆ ಅಂಕಿ ಹೇಳುವ ಮುನ್ನ ಬಂದದ್ದು ರಕ್ತವೋ ಬೆಲ್ಲದ ಪಾಕವೋ ಎಂದು ವಿಚಾರಣೆ ನಡೆಸಬೇಕೆಂದೂ, ಕೈ ತೊಳೆದದ್ದಕ್ಕೆ ಗ್ರಾಮಲೆಕ್ಕಿಗರಿಂದ ದೃಢೀಕರಣ ಪಡೆಯಬೇಕೆಂದೂ, ಹೂರಣಕ್ಕೆ ಪ್ರತ್ಯೇಕ ಕಡತ ತೆರೆಸಿ ಹೆಚ್ಚಿನ ಮಾತ್ರೆಯನ್ನು ಅದಕ್ಕೇ ನುಂಗಿಸಬೇಕೆಂದೂ, ತಾವು ಖುದ್ದಾಗಿ ಆಸ್ಪತ್ರೆಗೆ ಹಾಜರಾಗಿ ನನ್ನ ಹೆಂಡತಿಯ ಪರವಾಗಿ ಸಾಕ್ಷಿ ನುಡಿಯಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಮುಂದೆ ಸೋಪು ಹಿಡಿದು ನಿಂತಿರುವ
ತಮ್ಮ ವಿಶ್ವಾಸಿ,
ಆದಿನಾರಾಯಣಪ್ಪ

ವಿ.ಸೂ.: ತಾವು ಗೂಡು ಬಿಟ್ಟು ಏಳುವ ಲಕ್ಷಣ ಕಾಣದೆ ನಾವೇ ಆಸ್ಪತ್ರೆಗೆ ಹೋಗಿ ಬಂದೆವು. ಅಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಮೊದಲಿನಷ್ಟಕ್ಕೇ ಇಳಿಸಿದರು. ಆದರೆ ಕಡತದಲ್ಲಿ ಬರೆದದ್ದನ್ನು ಹೊಡೆದುಹಾಕುವ ಪದ್ಧತಿ ಇಲ್ಲವಂತೆ. ಬಿಡದೆ ವಾದ ಮಾಡಿದ್ದಕ್ಕೆ ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿದ್ದಾರೆ: ‘ಗಂಡ ಜಗಳಗಂಟ.’ ಅದನ್ನು ಓದಿ ಹೇಳಿದಾಗ ಮುನಿಲಕ್ಷ್ಮಮ್ಮ ಇಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. “ಸದ್ಯ, ಒಂದಾದ್ರೂ ನಿಜ ಬರೆದ್ರಲ್ಲ” ಎಂದಳು.